ತಳಿ ರಾಸಿಗೆ ಯಾವ ಗುರುತು ಹಾಕಬೇಕು? ಕಿವಿಯೋಲೆ, ಚಿಪ್, ಹಚ್ಚೆ, ಮೂತಿಯಚ್ಚು, ಡಿಎನ್‌ಎ: ಒಂದು ಹೋಲಿಕೆ

ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ ಸಾಕುವವರಿಗೆ ತಮ್ಮ ಕೊಟ್ಟಿಗೆಯ ರಾಸನ್ನು ಗುರುತಿಸಲು ಯಾವ ಸಂಖ್ಯೆಯೂ ಬೇಕಿಲ್ಲ. ಕೊಂಬಿನ ತಿರುವು, ನಡಿಗೆ, ಮೈಕೂದಲಿನ ಸುಳಿ ನೋಡಿಯೇ ಇದು ಯಾವ ಹಸುವಿನ ಕರು, ಯಾವ ಹೋರಿಯ ಬೀಜ ಎಂದು ಹೇಳಿಬಿಡುತ್ತಾರೆ. ತೊಂದರೆ ಶುರುವಾಗುವುದು ರಾಸು ಕೈ ಬದಲಾಯಿಸಿದ ದಿನ. ಮಾರಿದವರ ನೆನಪು ರಾಸಿನ ಜೊತೆ ಹೋಗುವುದಿಲ್ಲ. ಮೂರನೆಯ ಮಾಲೀಕನ ಹೊತ್ತಿಗೆ ವಂಶಾವಳಿ ಬರಿಯ ಬಾಯಿಮಾತಾಗಿರುತ್ತದೆ. ಆ ಮಾತನ್ನು ನಂಬಿ ಹೋರಿ ಬಿಟ್ಟವರು ಗೊತ್ತಿಲ್ಲದೆ ಅಣ್ಣ ತಂಗಿಯನ್ನೇ ಕೂಡಿಸಿರುತ್ತಾರೆ.

ಗುರುತಿನ ವಿಧಾನಗಳು ಹಲವು ಇವೆ, ಒಂದೊಂದಕ್ಕೂ ಒಂದೊಂದು ಕೊರತೆ ಇದೆ. ದೂರದಿಂದ ಓದಲು ಬರುವ ಗುರುತು ಉದುರಿಹೋಗುತ್ತದೆ, ಉದುರದ ಗುರುತು ದೂರದಿಂದ ಕಾಣುವುದಿಲ್ಲ. ಆದ್ದರಿಂದ ವಂಶಾವಳಿ ಇಡುವವರು ಒಂದನ್ನೇ ನೆಚ್ಚಿಕೊಳ್ಳಬಾರದು. ಕಣ್ಣಿಗೆ ಕಾಣುವಂಥದ್ದು ಒಂದು, ಸಾಯುವ ತನಕ ಉಳಿಯುವಂಥದ್ದು ಇನ್ನೊಂದು, ಹೀಗೆ ಎರಡು ಇರಬೇಕು. ಎರಡೂ ಪುಸ್ತಕದ ಒಂದೇ ಸಾಲಿನಲ್ಲಿ ದಾಖಲಾಗಿರಬೇಕು. ಯಾವುದರ ಜೊತೆ ಯಾವುದು ಎಂಬುದು ತಳಿಯ ಬಣ್ಣ, ಕಿವಿಯ ಆಕಾರ, ಕಟ್ಟಿ ಮೇಯಿಸುತ್ತೀರೋ ಕಾವಲಿಗೆ (ಬಯಲು ಹುಲ್ಲುಗಾವಲಿಗೆ) ಬಿಡುತ್ತೀರೋ ಎಂಬುದನ್ನು ನೋಡಿ ತೀರ್ಮಾನವಾಗಬೇಕು.

ಹಳದಿ ಕಿವಿಯೋಲೆ

12 ಅಂಕಿಯ ಪಶು ಆಧಾರ್ ಕಿವಿಯೋಲೆ ಎಲ್ಲರಿಗೂ ಪರಿಚಿತ. ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಶುರುವಾದ ಮೇಲೆ ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೇ ಇದು ಊರೂರಿಗೆ ಬಂತು. ಮೊದಲು ಇದರ ದಾಖಲೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಇನಾಫ್ ವ್ಯವಸ್ಥೆಯಲ್ಲಿತ್ತು, ಈಗ ಭಾರತ್ ಪಶುಧನ್ ಆ್ಯಪ್‌ನಲ್ಲಿದೆ. ಲಸಿಕೆ, ಕೃತಕ ಗರ್ಭಧಾರಣೆ, ಹೆರಿಗೆ, ವಿಮೆ ಎಲ್ಲವೂ ಈ ಸಂಖ್ಯೆಗೇ ಅಂಟಿಕೊಳ್ಳುವುದರಿಂದ ಇದನ್ನು ಬಿಟ್ಟು ಬೇರೆ ಗುರುತು ಹಾಕುತ್ತೇನೆ ಎನ್ನುವುದರಲ್ಲಿ ಅರ್ಥವಿಲ್ಲ. ಇದರ ಮೇಲೆ ಇನ್ನೇನು ಸೇರಿಸಬೇಕು ಎಂಬುದಷ್ಟೇ ಪ್ರಶ್ನೆ.

ಓಲೆಗೆ ಎರಡು ಭಾಗ: ಮೊನೆಯಿರುವ ಗಂಡು ಭಾಗ, ಅದು ಹೋಗಿ ಕೂರುವ ಹೆಣ್ಣು ಭಾಗ. ಮೊನೆ ಕಿವಿಯ ಹಿಂಬದಿಯಿಂದ ಚುಚ್ಚಿ ಮುಂಬದಿಗೆ ಬರಬೇಕು. ಇಕ್ಕಳದ ಒಳಗಿನ ಉಕ್ಕಿನ ಪಿನ್ನು ಸ್ವಲ್ಪ ಸೊಟ್ಟಗಾಗಿದ್ದರೂ ಎರಡು ಭಾಗ ನೇರಕ್ಕೆ ಕೂಡುವುದಿಲ್ಲ. ಹಾಗಾಗಿ ರಾಸನ್ನು ಹಿಡಿಯುವ ಮೊದಲೇ ಓಲೆಯನ್ನು ಇಕ್ಕಳಕ್ಕೆ ಸಿಕ್ಕಿಸಿ, ಪೂರ್ತಿ ಒತ್ತದೆ, ಮೊನೆ ರಂಧ್ರಕ್ಕೆ ನೇರವಾಗಿದೆಯೇ ನೋಡಿಕೊಳ್ಳಿ. ಒಂದು ಕಂಪನಿಯ ಓಲೆಗೆ ಇನ್ನೊಂದು ಕಂಪನಿಯ ಇಕ್ಕಳ ಹಾಕಬೇಡಿ. ಪಿನ್ನಿನ ಉದ್ದ ಒಂದೆಳೆ ವ್ಯತ್ಯಾಸವಾದರೂ ಬೀಗ ಅರ್ಧಕ್ಕೇ ನಿಲ್ಲುತ್ತದೆ.

ಚುಚ್ಚುವ ಜಾಗದ ಮೇಲೆ ಓಲೆಯ ಆಯುಷ್ಯ ನಿಂತಿದೆ. ಕಿವಿಯನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೆ ಹೋಗುವ ರಕ್ತನಾಳ, ಮೃದ್ವಸ್ಥಿಯ ಏಣು ಕಾಣುತ್ತವೆ. ಬುಡದಿಂದ ತುದಿಯವರೆಗಿನ ಉದ್ದದಲ್ಲಿ ನಡುಭಾಗ, ಎರಡು ಏಣುಗಳ ಮಧ್ಯದ ತೆಳು ಜಾಗವೇ ಸರಿಯಾದ ಸ್ಥಳ. ಏಣಿನ ಮೇಲೆ ಚುಚ್ಚಿದರೆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ನಾಳಕ್ಕೆ ತಗುಲಿದರೆ ರಕ್ತ ಸುರಿಯುತ್ತದೆ, ಆ ರಕ್ತಕ್ಕೆ ನೊಣ ಮುತ್ತುತ್ತವೆ. ತುದಿಗೆ, ಅಂಚಿಗೆ ಹಾಕಿದ ಓಲೆ ಬೇಲಿಗೋ ಗೊಂತಿಗೋ ಸಿಕ್ಕಿ ಕಿವಿಯನ್ನೇ ಸೀಳಿಕೊಂಡು ಹೋಗುತ್ತದೆ. ಬುಡಕ್ಕೆ ತೀರ ಹತ್ತಿರ ಹಾಕಿದರೆ ಅಲ್ಲಿ ಕಿವಿ ದಪ್ಪವಾಗಿರುವುದರಿಂದ ಎರಡು ಭಾಗದ ನಡುವೆ ಚರ್ಮ ಹಿಸುಕಿ ಕೊಳೆಯುತ್ತದೆ.

ಕ್ರಮ ಇಷ್ಟು. ರಾಸನ್ನು ಟ್ರೆವಿಸ್‌ಗೆ (ಅಲುಗಾಡದಂತೆ ಹಿಡಿದಿಡುವ ಕಂಬಗಳ ಚೌಕಟ್ಟಿಗೆ) ನಿಲ್ಲಿಸಿ ತಲೆಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ. ಮೂಗುದಾರ ಹಿಡಿದು ನಿಂತರೆ ಸಾಲದು, ತಲೆ ಒದರಿದ ಕ್ಷಣದಲ್ಲಿ ಓಲೆ ಅರ್ಧ ಕೂತಿರುತ್ತದೆ. ಕಿವಿಯ ಎರಡೂ ಬದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊನೆಗೆ ಪೊವಿಡೋನ್ ಅಯೋಡಿನ್ ಹಚ್ಚಿ, ಒಂದೇ ಏಟಿಗೆ ಬಲವಾಗಿ ಒತ್ತಿ. ಟಕ್ ಎಂದು ಬೀಗ ಬಿದ್ದ ಸದ್ದು ಕೇಳಿದ ಕೂಡಲೇ ಇಕ್ಕಳ ಬಿಡಿ. ಆಮೇಲೆ ಓಲೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ: ಸರಾಗ ತಿರುಗಬೇಕು, ಕಿವಿಗೂ ಓಲೆಗೂ ನಡುವೆ ಸ್ವಲ್ಪ ಸಂದು ಇರಬೇಕು. ರಕ್ತ ಬಂದರೆ ಹತ್ತಿ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಮಳೆಗಾಲದಲ್ಲಿ ನೊಣ ಹೆಚ್ಚಿರುವಾಗ ಓಲೆ ಹಾಕುವುದನ್ನು ಆದಷ್ಟು ಮುಂದೂಡಿ. ಹಾಕಲೇಬೇಕಾದರೆ ಹತ್ತು ದಿನ ಬೇವಿನೆಣ್ಣೆಯನ್ನೋ ನೊಣ ಓಡಿಸುವ ಸ್ಪ್ರೇಯನ್ನೋ ಸುತ್ತ ಹಚ್ಚುತ್ತಿರಿ. ಮೂರನೇ ದಿನ, ಏಳನೇ ದಿನ ಕಿವಿಯ ಹಿಂದೆ ಮೂಸಿ ನೋಡಿ. ವಾಸನೆ ಬಂದರೆ ಹುಳ ಬಿದ್ದಿದೆ ಎಂದೇ ಅರ್ಥ, ಆಗ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ.

ಓಲೆಯ ದೊಡ್ಡ ದೋಷ ಉದುರುವುದು. ವರ್ಷಕ್ಕೆ ನೂರರಲ್ಲಿ ಐದು ಓಲೆ ಉದುರುತ್ತವೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಎಂಟು ವರ್ಷದ ಕೊನೆಗೆ ಸುಮಾರು 34 ರಾಸುಗಳಿಗೆ ಗುರುತೇ ಇರುವುದಿಲ್ಲ. ಎರಡೂ ಕಿವಿಗೆ ಓಲೆಯಿದ್ದು, ಒಂದರ ಉದುರುವಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ, ಎರಡೂ ಕಳೆದುಕೊಂಡವು 11 ಮಾತ್ರ. ಒಂದು ಕಿವಿಗೆ ಸರ್ಕಾರಿ ಓಲೆ, ಇನ್ನೊಂದಕ್ಕೆ ನಿಮ್ಮ ಹಿಂಡಿನ ಸ್ವಂತ ಸಂಖ್ಯೆಯ ಓಲೆ ಎನ್ನುವ ಪದ್ಧತಿಯ ಬಲ ಇದು. ಹಿಂಡಿನ ಓಲೆಗೆ ವರ್ಷ ಮತ್ತು ಕ್ರಮಸಂಖ್ಯೆ ಸಾಕು: 2025ರ ಏಳನೇ ಕರು 25-07. ರಾಸು ಸತ್ತರೂ ಮಾರಿದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು. ಅಂಕಿ ದೊಡ್ಡದಾಗಿರಲಿ, ಹತ್ತು ಹೆಜ್ಜೆ ದೂರದಿಂದ ಓದಲು ಬರಬೇಕು. 12 ಅಂಕಿಯ ಸಣ್ಣ ಅಕ್ಷರ ಅಷ್ಟು ದೂರಕ್ಕೆ ಕಾಣುವುದಿಲ್ಲ.

ಚಿಪ್ ಇರುವ ಓಲೆ, ಬೋಲಸ್

ಆರ್‌ಎಫ್‌ಐಡಿ ಓಲೆ ಎಂದರೆ ರೇಡಿಯೊ ಅಲೆಯಿಂದ ಓದುವ ಚಿಪ್ ಇರುವ ಓಲೆ. ಅದರೊಳಗೆ ಬ್ಯಾಟರಿ ಇರುವುದಿಲ್ಲ. ರೀಡರ್ ಹತ್ತಿರ ತಂದಾಗ ಅದರ ಅಲೆಯಿಂದಲೇ ಶಕ್ತಿ ಪಡೆದು ಸಂಖ್ಯೆ ಹೇಳುತ್ತದೆ. ಜಾನುವಾರಿಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11784 ಮತ್ತು 11785, ತರಂಗ 134.2 ಕಿಲೋಹರ್ಟ್ಸ್, ಸಂಖ್ಯೆ 15 ಅಂಕಿ. ಮೊದಲ ಮೂರು ಅಂಕಿ ದೇಶದ್ದೋ ತಯಾರಕರದ್ದೋ: ಭಾರತದ ಸಂಕೇತ 356, ತಯಾರಕರ ಸಂಕೇತಗಳು 900ರ ಮೇಲಿನವು. ಕೊಳ್ಳುವಾಗ ಈ ಮಾನದಂಡದ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಮೊಬೈಲಿನ ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ, ಹಾಗಾಗಿ ಅದು ಜಾನುವಾರು ಚಿಪ್ಪನ್ನು ಓದುವುದಿಲ್ಲ. "ಫೋನಿನಲ್ಲೇ ಓದಬಹುದು" ಎಂದು ಮಾರುವ ಓಲೆ ಬೇರೆ ಜಾತಿಯದು. ಮುಂದೆ ಆ ರಾಸನ್ನು ಕೊಂಡವರ ರೀಡರ್‌ಗೆ ಅದು ಕಾಣಿಸುವುದೇ ಇಲ್ಲ. ಕೆಲವು ಮೀಟರ್ ದೂರದಿಂದ ಓದುವ ಯುಎಚ್‌ಎಫ್ ಓಲೆಗಳೂ ಬಂದಿವೆ. ಅವುಗಳ ಅಲೆಯನ್ನು ಒದ್ದೆ ಮೈ, ಒದ್ದೆ ಕಿವಿ ಹೀರಿಕೊಳ್ಳುತ್ತವೆ, ಗುಂಪಿನಲ್ಲಿ ಓದಿದ್ದು ಯಾವ ರಾಸಿನದು ಎಂಬ ಗೊಂದಲವೂ ಇದೆ. ವಂಶಾವಳಿಯ ಕೆಲಸಕ್ಕೆ 134.2ರದ್ದೇ ಇರಲಿ.

ಕೈಯಲ್ಲಿ ಹಿಡಿಯುವ ರೀಡರ್ ಒಂದು ಗೇಣಿನಿಂದ ಎರಡು ಗೇಣಿನ ದೂರಕ್ಕೆ ಓದುತ್ತದೆ. ಓದದಿದ್ದರೆ ಮೊದಲು ಕಬ್ಬಿಣದ ಟ್ರೆವಿಸ್‌ನಿಂದ ಕಿವಿಯನ್ನು ದೂರ ತನ್ನಿ, ಪಕ್ಕದಲ್ಲಿ ಓಡುವ ಮೇವು ಕತ್ತರಿಸುವ ಯಂತ್ರದ ಮೋಟರ್, ಇನ್ವರ್ಟರ್ ನಿಲ್ಲಿಸಿ. ಅರ್ಧಕ್ಕರ್ಧ ಬಾರಿ ತೊಂದರೆ ಇಷ್ಟೇ ಆಗಿರುತ್ತದೆ. ಚಿಪ್ ಇದ್ದರೂ ಓಲೆ ಓಲೆಯೇ, ಉದುರುತ್ತದೆ. ಅದರ ಲಾಭ ಬರವಣಿಗೆಯ ತಪ್ಪು ತಪ್ಪಿಸುವುದರಲ್ಲಿದೆ. ದಿನಕ್ಕೆ ಎರಡು ಬಾರಿ ಮೂವತ್ತು ಹಸುವಿನ ಹಾಲು ದಾಖಲಿಸುವ ಕಡೆ 4 ಹೋಗಿ 9 ಆಗುವುದು ನಿಲ್ಲುತ್ತದೆ. ಮೂರು ರಾಸಿನ ಮನೆಗೆ ರೀಡರ್ ಕೊಳ್ಳುವುದು ದುಂದು.

ಬೋಲಸ್ ಎಂದರೆ ಚಿಪ್ ಅಡಗಿಸಿದ ಪಿಂಗಾಣಿಯ ಉರುಳೆ, ಸುಮಾರು 70 ಗ್ರಾಂ ತೂಗುತ್ತದೆ. ಔಷಧದ ಗುಳಿಗೆ ನುಂಗಿಸುವ ಕೊಳವೆಯಿಂದ ಗಂಟಲ ಹಿಂದೆ ಬಿಟ್ಟರೆ ಎರಡನೇ ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ, ಅದರ ಭಾರವೇ ಅದನ್ನು ಅಲ್ಲಿ ಹಿಡಿದಿಡುತ್ತದೆ. ಯಾರೂ ಕತ್ತರಿಸಿ ತೆಗೆಯಲಾರರು. ಹೊರಗೆ ಏನೂ ಕಾಣದ ಕಾರಣ ಬೋಲಸ್ ಇದೆ ಎಂದು ತಿಳಿಸುವ ಓಲೆಯೂ ಬೇಕಾಗುತ್ತದೆ. ಎಳೆಗರುವಿಗೆ ಇದು ಆಗದು. ಮೆಲುಕು ಹಾಕುವ ವಯಸ್ಸಾಗಿ ಮೈ ತುಂಬಿಕೊಂಡಿರಬೇಕು. ನುಂಗಿಸುವುದನ್ನು ಪಶುವೈದ್ಯರೇ ಮಾಡಲಿ, ಶ್ವಾಸನಾಳದ ಕಡೆ ಹೋದರೆ ರಾಸು ಉಳಿಯುವುದಿಲ್ಲ.

ಕಿವಿಯೊಳಗಿನ ಹಚ್ಚೆ

ಹಚ್ಚೆಯನ್ನು ನಮ್ಮಲ್ಲಿ ಬಹುತೇಕ ಮರೆತೇಬಿಟ್ಟಿದ್ದಾರೆ, ಇದು ವಿಷಾದದ ಸಂಗತಿ. ಹಳ್ಳಿಕಾರ್ ಮತ್ತು ಖಿಲಾರಿ ಸಾಕುವವರಿಗೆ ಇದಕ್ಕಿಂತ ಒಪ್ಪುವ ಗುರುತಿಲ್ಲ ಎಂಬುದು ನಮ್ಮ ಅಭಿಪ್ರಾಯ. ಜಾತ್ರೆಗೆ ಜೋಡಿ ಕಟ್ಟುವವರಿಗೆ ಕಿವಿಯಲ್ಲಿ ಹಳದಿ ಓಲೆ ನೇತಾಡುವುದು ಕಣ್ಣಿಗೆ ಹಿಡಿಸುವುದಿಲ್ಲ, ಅದನ್ನು ಕತ್ತರಿಸಿ ತೆಗೆಯುವವರೂ ಇದ್ದಾರೆ. ಹಚ್ಚೆ ಹೊರಗೆ ಕಾಣುವುದಿಲ್ಲ, ಭಾರವಿಲ್ಲ, ಜೀವಮಾನ ಪೂರ್ತಿ ಇರುತ್ತದೆ.

ಬೇಕಾಗುವುದು ಸೂಜಿಮೊನೆಯ ಅಂಕಿಗಳನ್ನು ಜೋಡಿಸುವ ಇಕ್ಕಳ ಮತ್ತು ಹಚ್ಚೆ ಶಾಯಿಯ ಗಟ್ಟಿ ಲೇಪ. ಅಂಕಿ ಜೋಡಿಸಿದ ಮೇಲೆ ಮೊದಲು ರಟ್ಟಿನ ಮೇಲೆ ಒತ್ತಿ ಓದಿ ನೋಡಲೇಬೇಕು, ಅಂಕಿಗಳು ಹಿಂದುಮುಂದಾಗುವುದು ಇಲ್ಲಿಯೇ. ಕಿವಿಯ ಒಳಮೈಯ ಮೇಣ, ಕೊಳೆಯನ್ನು ಸ್ಪಿರಿಟ್‌ನಿಂದ ಪೂರ್ತಿ ತೆಗೆಯಿರಿ. ಮೇಣ ಉಳಿದಲ್ಲಿ ಶಾಯಿ ಹಿಡಿಯುವುದಿಲ್ಲ, ಆರು ತಿಂಗಳಿಗೆ ಅಂಕಿ ಮಾಯವಾಗುವುದಕ್ಕೆ ಮುಖ್ಯ ಕಾರಣ ಇದೇ. ಆಮೇಲೆ ಆ ಜಾಗಕ್ಕೆ ಶಾಯಿ ಬಳಿದು, ಎರಡು ಏಣುಗಳ ನಡುವೆ ಇಕ್ಕಳ ಒತ್ತಿ, ತೆಗೆದ ತಕ್ಷಣ ಇನ್ನಷ್ಟು ಶಾಯಿಯನ್ನು ಹೆಬ್ಬೆರಳಿನಿಂದ ರಂಧ್ರಗಳೊಳಕ್ಕೆ ತಿಕ್ಕಿ. ಹಳೆಯ ಹಲ್ಲುಜ್ಜುವ ಬ್ರಷ್ ಇದಕ್ಕೆ ಚೆನ್ನಾಗಿರುತ್ತದೆ. ಮೂರು ವಾರ ಅಲ್ಲಿ ಕೈ ಹಾಕಬೇಡಿ, ತೊಳೆಯಬೇಡಿ. ತೆಳು ಬಣ್ಣದ ಕಿವಿಗೆ ಕಪ್ಪು ಶಾಯಿ, ಕಪ್ಪು ಚರ್ಮಕ್ಕೆ ಹಸಿರು. ದೇಸಿ ರಾಸುಗಳ ಚರ್ಮ ಹೆಚ್ಚಾಗಿ ಕಪ್ಪಗಿರುವುದರಿಂದ ಹಸಿರನ್ನೇ ತರಿಸಿಕೊಳ್ಳುವುದು ಒಳಿತು.

ಓದುವುದಕ್ಕೆ ರಾಸನ್ನು ಹಿಡಿಯಲೇಬೇಕು, ಇದು ಹಚ್ಚೆಯ ಕೊರತೆ. ಮಸುಕಾದ ಅಂಕಿಯನ್ನು ಕತ್ತಲಲ್ಲಿ ಕಿವಿಯ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಚುಕ್ಕಿಗಳು ಎದ್ದು ಕಾಣುತ್ತವೆ. ಇನ್ನೊಂದು ಎಚ್ಚರಿಕೆ: ಸೂಜಿಗೆ ಅಂಟಿದ ರಕ್ತದಿಂದ ನರೂಲಿಯ ವೈರಸ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಪ್ರತಿ ರಾಸಿನ ನಂತರ ಅಂಕಿಗಳನ್ನು ತೊಳೆದು ಸೋಂಕುನಿವಾರಕದಲ್ಲಿ ಅದ್ದಬೇಕು. ಇದಕ್ಕೆ ಬೇಸರಪಡುವವರು ಹಚ್ಚೆಯ ಸಹವಾಸಕ್ಕೆ ಹೋಗದಿರುವುದೇ ಸರಿ.

ಬರೆ, ಶೀತಮುದ್ರೆ, ಕೊಂಬಿನ ಅಂಕಿ

ಕಾಯಿಸಿದ ಕಬ್ಬಿಣದ ಬರೆ ಬೇಡವೇ ಬೇಡ. ಅದು ಚರ್ಮದ ಆಳಕ್ಕೆ ಇಳಿಯುವ ಸುಟ್ಟ ಗಾಯ, ವಾರಗಟ್ಟಲೆ ನೋಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮುದ್ರೆ ಹಾಕುವುದೂ ನಿಯಮದಲ್ಲಿ ಹೇಳಿದ ರೀತಿಯಲ್ಲೇ ನಡೆಯಬೇಕು, ಮನೆಯಂಗಳದಲ್ಲಿ ಮಾಡುವ ಕೆಲಸ ಇದಲ್ಲ.

ಶೀತಮುದ್ರೆಯನ್ನು 1966ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಫ್ಯಾರೆಲ್ ಬಳಕೆಗೆ ತಂದರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತಣಿಸಿದ ತಾಮ್ರದ ಅಂಕಿಯನ್ನು ಬೋಳಿಸಿದ ಚರ್ಮಕ್ಕೆ ಒತ್ತಿದರೆ ಕೂದಲಿಗೆ ಬಣ್ಣ ಕೊಡುವ ಕೋಶಗಳು ಸಾಯುತ್ತವೆ, ಮುಂದೆ ಅಲ್ಲಿ ಬೆಳೆಯುವುದು ಬಿಳಿ ಕೂದಲು. ಕಪ್ಪು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸುವಿನ ಮೇಲೆ, ಮುರ್ರಾ ಎಮ್ಮೆಯ ಮೇಲೆ ಇದು ಬಹಳ ಚೆನ್ನಾಗಿ ಕಾಣುತ್ತದೆ. ಬೂದು ಹಳ್ಳಿಕಾರ್‌ನ ಮೇಲೆ, ಬಿಳಿ ಖಿಲಾರಿಯ ಮೇಲೆ ಬಿಳಿ ಅಂಕಿ ಹಾಕಿ ಏನು ಪ್ರಯೋಜನ? ತಿಳಿ ಬಣ್ಣದ ರಾಸಿಗೆ ಕೂದಲ ಬೇರೇ ಸಾಯುವಷ್ಟು ಹೊತ್ತು ಒತ್ತಿ ಹಿಡಿದು ಬೋಳು ಅಂಕಿ ಮೂಡಿಸಬೇಕಾಗುತ್ತದೆ, ಅದು ಹೆಚ್ಚು ನೋವಿನದು. ನಮ್ಮ ತಳಿಗಳಿಗೆ ಇದು ಒಗ್ಗುವುದಿಲ್ಲ. ವೀರ್ಯದ ಕಂಟೈನರಿನಿಂದ ಸಾರಜನಕ ಬಸಿದುಕೊಂಡರಾಯಿತು ಎನ್ನುವ ಯೋಚನೆಯಂತೂ ಅಪಾಯಕಾರಿ: ಮಟ್ಟ ಇಳಿದು ವೀರ್ಯ ತುಂಬಿದ ನಳಿಕೆಗಳು ಬಿಸಿಯಾದರೆ ಒಳಗಿನ ವೀರ್ಯವೆಲ್ಲ ಹಾಳು, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಕೊಂಬಿನ ಮೇಲೆ ಅಂಕಿ ಸುಡುವ ಪದ್ಧತಿ ಉದ್ದ ಕೊಂಬಿನ ತಳಿಗಳಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಬುಡದಲ್ಲಿ ಒಳಗೆ ಜೀವಂತ ಎಲುಬಿರುವುದರಿಂದ ಅಲ್ಲಿ ಸುಡಬಾರದು, ಹೊರಪದರದ ಮೇಲಷ್ಟೇ ಬೀಳಬೇಕು. ಕೊಂಬು ಬುಡದಿಂದ ಬೆಳೆಯುವುದರಿಂದ ಅಂಕಿ ವರ್ಷದಿಂದ ವರ್ಷಕ್ಕೆ ತುದಿಯ ಕಡೆ ಸರಿಯುತ್ತದೆ. ಆದರೆ ಎತ್ತು ಸಾಕುವವರು ಕೊಂಬು ಹೆರೆದು, ಎಣ್ಣೆ ಹಚ್ಚಿ ನಯ ಮಾಡುತ್ತಾರಲ್ಲ, ಒಂದೇ ಹೆರೆತಕ್ಕೆ ಅಂಕಿ ಹೋಯಿತು. ಹೆರೆಯದ ಹಿಂಡಿಗೆ ಮಾತ್ರ, ಅದೂ ಎರಡನೇ ಗುರುತಾಗಿ.

ಮೂತಿಯಚ್ಚು, ಫೋಟೊ, ಸುಳಿ

ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ದನದ ಮೂತಿಯ ಗೆರೆ, ಗುಳ್ಳೆಗಳ ವಿನ್ಯಾಸವೂ ಒಂದೊಂದಕ್ಕೆ ಒಂದೊಂದು. ಡಬ್ಲ್ಯು.ಇ. ಪೀಟರ್ಸನ್ 1922ರಲ್ಲೇ ಈ ವಿಧಾನವನ್ನು ಪ್ರಕಟಿಸಿದ್ದರು. ಇದನ್ನು ಕದಿಯಲು, ಕತ್ತರಿಸಲು, ಬದಲಿಸಲು ಆಗುವುದಿಲ್ಲ. ರಾಸಿಗೆ ಗಾಯವೂ ಇಲ್ಲ, ಓಲೆ ಉದುರಿದಾಗ "ಇದು ಅದೇ ರಾಸು" ಎನ್ನಲು ಬಲವಾದ ಸಾಕ್ಷಿ.

ಶಾಯಿಯಲ್ಲಿ ಅಚ್ಚು ತೆಗೆಯುವಾಗ ಎದುರಾಗುವ ಕಷ್ಟ ಬೆವರು. ಆರೋಗ್ಯವಂತ ಮೂತಿ ಒರೆಸಿದ ಕೆಲವೇ ಕ್ಷಣದಲ್ಲಿ ಮತ್ತೆ ಹನಿಗಟ್ಟುತ್ತದೆ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ತಡಮಾಡದೆ ಶಾಯಿಯ ಪ್ಯಾಡ್ ತಾಗಿಸಿ, ಗಟ್ಟಿ ರಟ್ಟಿಗೆ ಕ್ಲಿಪ್ ಮಾಡಿದ ಕಾಗದವನ್ನು ತುಟಿಯ ಕಡೆಯಿಂದ ಮೇಲಕ್ಕೆ ಉರುಳಿಸಿದಂತೆ ಒತ್ತಿ. ಶಾಯಿ ಹೆಚ್ಚಾದರೆ ಗೆರೆಗಳು ತುಂಬಿ ಕಪ್ಪು ಮಚ್ಚೆಯಷ್ಟೇ ಸಿಗುತ್ತದೆ. ನಾಲ್ಕೈದು ಅಚ್ಚು ತೆಗೆದು ಚೆನ್ನಾಗಿರುವ ಎರಡನ್ನು ಇಟ್ಟುಕೊಳ್ಳಿ. ಫೋಟೊ ಆದರೆ ಇನ್ನೂ ಸುಲಭ: ಮೇವಿನ ಹೊಟ್ಟು ಒರೆಸಿ, ನೆರಳಿನಲ್ಲಿ, ಫ್ಲ್ಯಾಶ್ ಹಾಕದೆ, ಮೂತಿ ಚೌಕಟ್ಟು ತುಂಬುವಷ್ಟು ಹತ್ತಿರದಿಂದ ಮೂರು ಚಿತ್ರ. ಒದ್ದೆ ಮೂತಿಗೆ ಫ್ಲ್ಯಾಶ್ ಬಿದ್ದರೆ ಬಿಳಿ ಮಿಂಚು ಗೆರೆಗಳನ್ನು ಮುಚ್ಚುತ್ತದೆ. ಕರುವಿನಲ್ಲಿ ತೆಗೆದದ್ದನ್ನು ವರ್ಷ ತುಂಬಿದಾಗ ಮತ್ತೊಮ್ಮೆ ತೆಗೆಯಿರಿ. ವಿನ್ಯಾಸ ಬದಲಾಗದು, ಮೂತಿ ಮಾತ್ರ ದೊಡ್ಡದಾಗಿರುತ್ತದೆ.

ಇಡೀ ರಾಸಿನ ಫೋಟೊ ನಾಲ್ಕು ಕಡೆಯಿಂದ ಬೇಕು: ಎಡ, ಬಲ, ಮುಖ, ಹಿಂದೆ. ದೇವಣಿಗೆ ಇದು ಬಹಳ ಉಪಯೋಗಿ. ಅದರ ಶೇವರಾ ಬಗೆಯಲ್ಲಿ ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದು ಎರಡು ರಾಸುಗಳ ಮಚ್ಚೆ ಒಂದೇ ಥರ ಇರುವುದಿಲ್ಲ. ವಾನ್ನೇರಾದಲ್ಲಿ ಮುಖದ ಬದಿ ಮಾತ್ರ ಕಪ್ಪು, ಹಾಗಾಗಿ ಮುಖದ ಎರಡೂ ಬದಿಯ ಹತ್ತಿರದ ಚಿತ್ರ ಬೇಕಾಗುತ್ತದೆ. ಬೂದು ತಳಿಗಳಲ್ಲಿ ಬಣ್ಣವನ್ನು ನಂಬಬೇಡಿ. ಗಡಿಭಾಗದಲ್ಲಿ ಸಾಕುವ ಕಾಂಗೇಯಂ ಕರು ಹುಟ್ಟುವಾಗ ಕೆಂಪಗಿದ್ದು ಆರು ತಿಂಗಳ ಹೊತ್ತಿಗೆ ಬೂದಾಗುತ್ತದೆ.

ಸುಳಿಯನ್ನು ನಮ್ಮ ರೈತರು ಅದೃಷ್ಟದ ಲೆಕ್ಕದಲ್ಲಿ ನೋಡುತ್ತಾರೆ. ಆ ನಂಬಿಕೆ ಅವರವರಿಗೆ ಬಿಟ್ಟದ್ದು. ದಾಖಲೆಯ ದೃಷ್ಟಿಯಿಂದ ಸುಳಿ ಅಮೂಲ್ಯ, ಏಕೆಂದರೆ ಹುಟ್ಟಿದಾಗ ಇದ್ದ ಜಾಗದಲ್ಲೇ ಅದು ಕೊನೆಯವರೆಗೂ ಇರುತ್ತದೆ. ಹಣೆಯ ಸುಳಿ ಕಣ್ಣಿನ ಗೆರೆಗೆ ಮೇಲೋ ಕೆಳಗೋ, ಒಂದೋ ಎರಡೋ, ಬೆನ್ನಿನ ಸುಳಿ ಹಿಣಿಲಿಗೆ ಮುಂದೋ ಹಿಂದೋ ಎಂದು ಬೆರಳಳತೆಯಲ್ಲಿ ಬರೆದಿಡಿ.

ಡಿಎನ್‌ಎ

ಮೇಲಿನ ಎಲ್ಲವೂ "ಇದು ಯಾವ ರಾಸು" ಎಂದು ಹೇಳುತ್ತವೆ. "ಇದರ ತಂದೆ ಯಾರು" ಎಂಬುದಕ್ಕೆ ಪುಸ್ತಕ ಬಿಟ್ಟರೆ ಸಾಕ್ಷಿ ಡಿಎನ್‌ಎ ಒಂದೇ. ಕಾವಲಿನಲ್ಲಿ ಎರಡು ಮೂರು ಬೀಜದ ಹೋರಿ ಒಟ್ಟಿಗೆ ಇದ್ದರೆ ಬೇರೆ ದಾರಿಯೇ ಇಲ್ಲ.

ಮಾದರಿಗೆ ಬಾಲದ ಕುಚ್ಚಿನಿಂದ 30 ಕೂದಲು ಸಾಕು. ಕತ್ತರಿಸಬಾರದು, ಬೇರುಗಡ್ಡೆ ಸಮೇತ ಕಿತ್ತಿರಬೇಕು, ಕೋಶಗಳಿರುವುದು ಅಲ್ಲೇ. ಸಗಣಿ ಇಲ್ಲದ ಒಣ ಕೂದಲನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಸಂಖ್ಯೆ, ದಿನಾಂಕ ಬರೆದು, ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಬೂಸ್ಟು ಬರುತ್ತದೆ. ಅವಳಿ ಕರುವಾದರೆ ರಕ್ತಕ್ಕಿಂತ ಕೂದಲೇ ಮೇಲು, ಏಕೆಂದರೆ ಗರ್ಭದಲ್ಲಿ ಅವಳಿಗಳ ರಕ್ತ ಬೆರೆತಿರುತ್ತದೆ, ಪರೀಕ್ಷೆಯಲ್ಲಿ ಎರಡು ಕರುಗಳ ಡಿಎನ್‌ಎ ಒಟ್ಟಿಗೆ ಬಂದು ಗೊಂದಲವಾಗುತ್ತದೆ.

ಫಲಿತಾಂಶವನ್ನು ಸರಿಯಾಗಿ ಓದಬೇಕು. "ಈ ಹೋರಿ ತಂದೆಯಲ್ಲ" ಎನ್ನುವುದನ್ನು ಪರೀಕ್ಷೆ ಗಟ್ಟಿಯಾಗಿ ಹೇಳುತ್ತದೆ, "ಇದೇ ತಂದೆ" ಎನ್ನುವುದನ್ನು ಸಂಭವದ ಲೆಕ್ಕದಲ್ಲಿ ಹೇಳುತ್ತದೆ. ಅನುಮಾನದಲ್ಲಿರುವ ಎರಡು ಹೋರಿಗಳು ಒಡಹುಟ್ಟಿದವಾಗಿದ್ದರೆ ಡಿಎನ್‌ಎಯ 12 ಜಾಗಗಳನ್ನು ಹೋಲಿಸುವ ಸಾಮಾನ್ಯ ಮೈಕ್ರೋಸ್ಯಾಟಲೈಟ್ ಪರೀಕ್ಷೆ ಅವನ್ನು ಬೇರ್ಪಡಿಸದೆ ಹೋಗಬಹುದು. ಇಂಥ ಕಡೆ ಎಸ್‌ಎನ್‌ಪಿ ಚಿಪ್ ಬೇಕು. ಇದು ಕಿವಿಗೆ ಹಾಕುವ ಚಿಪ್ ಅಲ್ಲ, ಡಿಎನ್‌ಎಯ ಸಾವಿರಾರು ಜಾಗಗಳನ್ನು ಒಟ್ಟಿಗೆ ಓದುವ ಪ್ರಯೋಗಾಲಯದ ಸಾಧನ. ದೇಸಿ ದನಗಳಿಗೆಂದೇ ರೂಪಿಸಿದ ಗೋ ಚಿಪ್ ಅಕ್ಟೋಬರ್ 2024ರಲ್ಲಿ ಬಿಡುಗಡೆಯಾಗಿದೆ. ತಳಿ ಎಷ್ಟು ಪಾಲು ಶುದ್ಧ ಎಂಬ ಪ್ರಶ್ನೆಗೂ ಇಂಥ ಚಿಪ್ಪೇ ಬೇಕು, ಪಿತೃತ್ವ ಪರೀಕ್ಷೆ ಅದನ್ನು ಹೇಳುವುದಿಲ್ಲ. ಎ2 (ಹಾಲಿನ ಪ್ರೋಟೀನಿನ ಒಂದು ಬಗೆ) ಪರೀಕ್ಷೆಯ ಪ್ರಮಾಣಪತ್ರ ತೋರಿಸಿ "ಶುದ್ಧ ದೇಸಿ" ಎಂದು ಮಾರುವುದು ಹೆಚ್ಚುತ್ತಿದೆ. ಎಚ್‌ಎಫ್ ಹಸುಗಳಲ್ಲೂ ಎ2 ಇರುತ್ತದೆ, ತಳಿ ಶುದ್ಧತೆಗೂ ಅದಕ್ಕೂ ಸಂಬಂಧವಿಲ್ಲ.

ತಂದೆಯ ಮಾದರಿ ಇಲ್ಲದೆ ಪಿತೃತ್ವ ಪರೀಕ್ಷೆ ನಡೆಯುವುದಿಲ್ಲ. ಬೀಜದ ಹೋರಿಯನ್ನು ಮಾರುವ ಮೊದಲು, ಬೀಜ ಒಡೆಸುವ ಮೊದಲು ಅದರ ಕೂದಲಿನ ಲಕೋಟೆ ನಿಮ್ಮ ಪೆಟ್ಟಿಗೆಯಲ್ಲಿ ಇರಲಿ.

ಪುಸ್ತಕದ ಸಾಲು

ಯಾವ ಗುರುತು ಹಾಕಿದರೂ ತಾಯಿ ಯಾರೆಂದು ಬರೆಯುವುದು ಕರು ಹುಟ್ಟಿದ ದಿನವೇ ಆಗಬೇಕು. ಹಿಂಡಿನಲ್ಲಿ ಕರುಗಳು ಬೇರೆ ಹಸುವಿನ ಮೊಲೆಗೂ ಬಾಯಿ ಹಾಕುತ್ತವೆ, ವಾರ ಕಳೆದರೆ ತಾಯಿಯ ಬಗ್ಗೆಯೇ ಜಗಳ ಬರುತ್ತದೆ. ಒಂದು ಸಾಲು ಹೀಗಿರುತ್ತದೆ: 25-07, ಹೆಣ್ಣು, ಹುಟ್ಟಿದ್ದು 14-03-2025, ತಾಯಿ 19-04, ಗರ್ಭಧಾರಣೆ 14-05-2024 ಮತ್ತು 04-06-2024, ಎರಡೂ ಸಲದ ನಳಿಕೆಯ ಹೋರಿ ಸಂಖ್ಯೆ. ಎರಡು ಬೆದೆಗೆ ಎರಡು ಬೇರೆ ಹೋರಿಯ ವೀರ್ಯ ಹಾಕಿದ್ದರೆ ತಂದೆ ಯಾರು? ಲೆಕ್ಕ ಹಾಕಿ: ಜೂನ್ 4ರಿಂದ 283 ದಿನ, ಮೇ 14ರಿಂದ 304 ದಿನ. ಗಬ್ಬದ ಅವಧಿ ಸಾಮಾನ್ಯವಾಗಿ 280ರಿಂದ 290 ದಿನದ ಆಸುಪಾಸು, ಆದ್ದರಿಂದ ಎರಡನೇ ಹೋರಿಯೇ ತಂದೆ. ಖಾಲಿ ನಳಿಕೆಯನ್ನು ಎಸೆಯದೆ ಅದೇ ಸಾಲಿನ ಪಕ್ಕ ಟೇಪಿನಲ್ಲಿ ಅಂಟಿಸಿಡಿ. ಅದರ ಮೇಲಿನ ಹೋರಿ ಸಂಖ್ಯೆ, ತಯಾರಾದ ದಿನಾಂಕ ಕೈಬರಹಕ್ಕಿಂತ ನಂಬಿಕೆಗೆ ಅರ್ಹ.

ಯಾರಿಗೆ ಯಾವುದು

ಮನೆಯಲ್ಲಿ ಕಟ್ಟಿ ಸಾಕುವ ಹಳ್ಳಿಕಾರ್, ಖಿಲಾರಿಗೆ: ಪಶು ಆಧಾರ್, ಇನ್ನೊಂದು ಕಿವಿಯೊಳಗೆ ಹಚ್ಚೆ, ಮೂತಿಯ ಫೋಟೊ, ಕೂದಲಿನ ಲಕೋಟೆ. ರೀಡರ್ ಬೇಡ.

ಕಾವಲಿನ ಅಮೃತಮಹಲ್‌ಗೆ ಲೆಕ್ಕ ಬೇರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ (ಅರಮನೆಯ ದನಗಳ ಇಲಾಖೆಯಿಂದ) ಬಂದ ಈ ಹಿಂಡುಗಳು ಇಂದಿಗೂ ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕರು ಹಾಕಿದ ತಾಯಿಯಂತೂ ಹಾಯಲು ಬರುತ್ತದೆ. ತಾಯಿಯನ್ನು ಬೇಲಿಯಾಚೆ ಮಾಡಿದ ಮೇಲೆಯೇ ಕರುವಿಗೆ ಓಲೆ. ಇವುಗಳ ಕಿವಿ ಚಿಕ್ಕದು, ತುದಿ ಚೂಪು; ಅಗಲದ ಓಲೆ ಹಾಕಲು ಜಾಗ ಕಡಿಮೆ, ಉದ್ದನೆಯ ಓಲೆ ಆಯ್ದುಕೊಳ್ಳಿ. ದೂರದಿಂದ ಓದುವ ದೊಡ್ಡ ಅಂಕಿ ಒಂದು ಕಿವಿಗೆ, ಚಿಪ್ ಇರುವ ಗುಂಡಿ ಓಲೆ ಇನ್ನೊಂದಕ್ಕೆ. ವರ್ಷಕ್ಕೆ ಎರಡು ಸಲ ಲಸಿಕೆಗೆ ಟ್ರೆವಿಸ್‌ಗೆ ಬಂದಾಗಲೇ ಎಲ್ಲ ಓಲೆಗಳ ತಪಾಸಣೆ ಮುಗಿಸಬೇಕು, ಬೇರೆ ಅವಕಾಶ ಸಿಗುವುದಿಲ್ಲ. ಹೋರಿಗಳ ಡಿಎನ್‌ಎ ಕಡ್ಡಾಯ.

ಮಲೆನಾಡು ಗಿಡ್ಡ ಲಂಟಾನ ಪೊದೆಯಲ್ಲಿ ನುಗ್ಗಿ ಮೇಯುವ ಪುಟ್ಟ ರಾಸು. ನೇತಾಡುವ ದೊಡ್ಡ ಓಲೆ ಮುಳ್ಳಿಗೆ ಸಿಕ್ಕಿ ಕಿವಿ ಹರಿಯುತ್ತದೆ. ಹಿಂಡಿನ ಓಲೆ ಬೇಕೆಂದರೆ ಗುಂಡಿ ಆಕಾರದ ಚಿಕ್ಕದು, ಇಲ್ಲವೇ ಹಚ್ಚೆ. ಗೀರ್‌ನ ಉದ್ದ, ಮಡಿಚಿದ ಕಿವಿಯಲ್ಲಿ ಓಲೆ ಮಡಿಕೆಯ ಒಳಗೆ ಬಿದ್ದರೆ ತೇವ ನಿಂತು ಗಾಯ ಒಣಗದು. ಕಿವಿಯನ್ನು ಬಿಡಿಸಿ ಹಿಡಿದು ಹೊರಗಿನ ಗಾಳಿಯಾಡುವ ಜಾಗ ನೋಡಿ. ಹಾಲಿನ ಲೆಕ್ಕ ಇಡುವ ದೊಡ್ಡ ಗೀರ್, ಸಾಹಿವಾಲ್ ಹಿಂಡಿಗೆ ಚಿಪ್ ಓಲೆ ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆ.

ಓಲೆ ಉದುರಿದಾಗ, ರಾಸು ಕೊಳ್ಳುವಾಗ

ಉದುರಿದ ರಾಸಿಗೆ ಹೊಸ ಓಲೆ ಹಾಕಿ ಹೊಸ ರಾಸೆಂದು ನೋಂದಾಯಿಸಿದರೆ ಅದರ ಹಿಂದಿನ ತಾಯಿ ತಂದೆ, ಹೆರಿಗೆ, ಲಸಿಕೆ ಎಲ್ಲ ಕಡಿದುಹೋಗುತ್ತದೆ. ಸಿಬ್ಬಂದಿಗೆ ಹಳೆಯ ಸಂಖ್ಯೆ ಕೊಟ್ಟು ಓಲೆ ಬದಲಾವಣೆ ಎಂದೇ ನಮೂದಿಸಲು ಕೇಳಿ. ಅದಕ್ಕಾಗಿ ಹಳೆಯ 12 ಅಂಕಿ ನಿಮ್ಮ ಪುಸ್ತಕದಲ್ಲಿರಬೇಕು. ವಿಮೆ ಇದ್ದರೆ ಅದೇ ದಿನ ಬರಹದಲ್ಲಿ ತಿಳಿಸಿ ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ, ಓಲೆಯಿಲ್ಲದೆ ಸತ್ತ ರಾಸಿಗೆ ಪರಿಹಾರ ಸಿಗುವುದಿಲ್ಲ.

ಕೊಳ್ಳುವಾಗ ಓಲೆಯ ಸಂಖ್ಯೆಯನ್ನು ಆ್ಯಪ್‌ನಲ್ಲಿ ತೆಗೆಸಿ ವಯಸ್ಸು ನೋಡಿ, ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡಿ. ಎರಡು ಶಾಶ್ವತ ಹಲ್ಲು ಹಾಕುವುದು ಸುಮಾರು ಎರಡೂವರೆ ವರ್ಷಕ್ಕೆ, ಬಾಯಿಗೂಡುವುದು (ಮುಂದಿನ ಎಂಟೂ ಹಲ್ಲು ಬರುವುದು) ನಾಲ್ಕೂವರೆಯಿಂದ ಐದು ವರ್ಷಕ್ಕೆ. ದಾಖಲೆ ಮೂರು ವರ್ಷ ಎನ್ನುತ್ತಿದ್ದು ಬಾಯಿಗೂಡಿದ್ದರೆ ಆ ಓಲೆ ಆ ರಾಸಿನದಲ್ಲ. ಕಿವಿಯಲ್ಲಿ ಓಲೆಯ ಪಕ್ಕ ಇನ್ನೊಂದು ಮಾಯ್ದ ರಂಧ್ರವಿದ್ದರೆ ಹಳೆಯ ಸಂಖ್ಯೆ ಯಾವುದು ಎಂದು ಕೇಳಿ. ಉತ್ತರ ಬರದಿದ್ದರೆ ತಳಿಗೆಂದು ಹೆಚ್ಚುವರಿ ಹಣ ಕೊಡಬೇಡಿ.